ಹುಗ್ಗಿ ಮಾಡಿದ ಮನೆಯಲ್ಲಿ ಬಾಳೆಹಣ್ಣು

ಎಳ್ಳ ಅಮಾವಾಸ್ಯೆಯ ದಿನ ರನ್ನ ಬೆಳಗಲಿಯ ಹೊಲದಲ್ಲಿ ಮಾವನ ಮನೆಮಂದಿಯೆಲ್ಲ ಚರಗ ಚೆಲ್ಲುತ್ತಿದ್ದಾಗ ಅಳಿಯ ಮುರಗೆಪ್ಪ ಮಾತ್ರ ನೀರಿನ ಚರಗಿ ಹಿಡಿದುಕೊಂಡು ಪಕ್ಕದ ಕಬ್ಬಿನೊಳಗೆ ಓಡಿದ. ಬೆಳಿಗ್ಗೆ ಅತ್ತೆ ಒತ್ತಾಯ ಮಾಡಿ ಉಣ್ಣಿಸಿದ ಹೋಳಿಗೆ ಹೊಟ್ಟೆಯೊಳಗೆ ನಿಲ್ಲಲು ಒಲ್ಲೆನೆಂದಿತ್ತು. ಭೂತಾಯಿಗೆ ನೈವೇದ್ಯ ಎರಚುತ್ತ ಬದು ಹಿಡಿದು ಬಂದ ಹೆಂಡತಿಯ ತಮ್ಮ, ಕಬ್ಬು ಅಲುಗಾಡುವುದನ್ನು ಕಂಡು ತಾಯಿ ಪ್ರಸನ್ನಳಾದಳೆಂದು ತಿಳಿದನೋ ಹಂದಿ ಹೊಕ್ಕಿತೆಂದು ತಿಳಿದನೋ, ಕೈತುಂಬ ಕಡಬು, ಪುಂಡಿಪಲ್ಯ ತೆಗೆದು ಅತ್ತಲೇ ಬೀಸಿದ. ಅದು ನೇರ ಮುರಗೆಪ್ಪನ ನೆತ್ತಿಯ ಮೇಲೆ ಬಿತ್ತು.

"ಯಾರಲೇ ಒಳಗ?" ಎಂದ ಅವನು.

'ನಾನು' ಅನ್ನುವಂತಿಲ್ಲ, ಸುಮ್ಮನೆ ಕೂತರೆ ಮುಂದಿನದು ಕಲ್ಲು. ಮುರಗೆಪ್ಪ ಕೆಮ್ಮಿದ. ಆ ಕೆಮ್ಮಿನ ಗುರುತು ಸಿಕ್ಕಿ ಹೊಲದ ತುಂಬ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮರುದಿನ ಮುಧೋಳದ ಬಸ್ಸು ಹತ್ತುವವರೆಗೂ ಅವನು ಯಾರ ಮುಖವನ್ನೂ ನೋಡಲಿಲ್ಲ.

ಮುರಗೆಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತ. ಊರವರ ಕಬ್ಬನ್ನೆಲ್ಲ ತೂಗುತ್ತ ತೂಗುತ್ತ ತನ್ನ ತೂಕವನ್ನೇ ಕಳೆದುಕೊಂಡಿದ್ದ. ನೌಕರಿ ಸಿಕ್ಕ ದಿನದಿಂದ ಅವನ ತಾಯಿ ಸಿದ್ದಕ್ಕ ಮಗನ ಡಬ್ಬಿಗೆ ಜೋಳದ ರೊಟ್ಟಿ ಹಾಕುವುದನ್ನು ಬಿಟ್ಟು ಚಪಾತಿ ಹಾಕತೊಡಗಿದ್ದಳು. ರೊಟ್ಟಿ ಕಬ್ಬು ಕಡಿಯುವವರ ಊಟ, ಚಪಾತಿ ಪಗಾರ ಎಣಿಸುವವರದು. ಮಗ ಚಪಾತಿ ತಿಂದಷ್ಟೂ ಒಣಗುತ್ತ ಹೋದ. ಒಣಗಿದಷ್ಟೂ ತಾಯಿ ಚಪಾತಿಗೆ ತುಪ್ಪ ಹೆಚ್ಚು ಸವರಿದಳು. ಹಗಲು ಕಾಟಾ, ಮನೆಗೆ ಬಂದರೆ ಹೊಟ್ಟೆಯ ಕಾಟ.

ಕಬ್ಬಿನ ಪ್ರಸಂಗ ಆದಮೇಲೆ ಹೆಂಡತಿ ಭಾಗವ್ವ ಹಟ ಹಿಡಿದು ಅವನನ್ನು ಮಿರಜಕ್ಕೆ ಕರೆದೊಯ್ದಳು. ಅಲ್ಲಿಯ ಮುದಿ ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಊಟದ ವಿಚಾರ ಕೆದಕಿ ಕೆದಕಿ ಕೇಳಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ ಕಡೆಗೆ ಹೇಳಿದರು:

"ಗೋದಿಯೊಳಗ ಒಂದು ಜಿಗಟು ಇರತೈತಿ. ಅದು ನಿನ್ನ ಕರಳಿಗೆ ಆಗಿಬರೂದಿಲ್ಲ. ಚಪಾತಿ, ಬ್ರೆಡ್ಡು, ರವಾ, ಶಾವಿಗಿ, ಎಲ್ಲಾ ಬಿಡು. ಜೋಳಾ ತಿನ್ನು, ಸಜ್ಜಿ ತಿನ್ನು, ಅಕ್ಕಿ ತಿನ್ನು."

"ಎಷ್ಟ ದಿನಾ ಬಿಡಬೇಕ್ರಿ?"

"ಬದಕೂ ತನಕಾ."

ಹೊರಗೆ ಬಂದಾಗ ಭಾಗವ್ವನಿಗೆ ನಗು. "ಇಷ್ಟ ಹೇಳಾಕ ಮಿರಜ ಬೇಕಾಗಿತ್ತೇನು? ನಮ್ಮ ಎಮ್ಮಿ ಕಾಯೂ ಮುದುಕನೂ ಜೋಳಾನ ತಿಂತಾನ."

"ಅದs ನನಗ ಚಿಂತಿ," ಎಂದ ಮುರಗೆಪ್ಪ.

ಮನೆಯಲ್ಲಿ ಏನೂ ತೊಂದರೆ ಆಗಲಿಲ್ಲ. ಬಿಸಿ ಬಿಸಿ ರೊಟ್ಟಿ, ಎಣಗಾಯಿ, ಕೆನೆಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ. ಸಂಜೆಗೆ ಜೋಳದ ನುಚ್ಚು ಮಜ್ಜಿಗೆ. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೊಂದು ಬೆಣ್ಣೆಯ ಮುದ್ದೆ. ಕೆಲವೇ ತಿಂಗಳಲ್ಲಿ ಅಂಗಿಯ ಗುಂಡಿಗಳು ಬಿಗಿಯಾದವು. ಕಷ್ಟವಿದ್ದದ್ದು ಮನೆಯ ಹೊರಗೆ. ಆ ಸೀಮೆಯಲ್ಲಿ ಯಾರಿಗೆ ಮರ್ಯಾದೆ ಕೊಡಬೇಕಾದರೂ ಗೋಧಿಯನ್ನೇ ಕೊಡುತ್ತಾರೆ. ಮದುವೆಗೆ ಹುಗ್ಗಿ, ಹಬ್ಬಕ್ಕೆ ಹೋಳಿಗೆ, ಜಾತ್ರೆಗೆ ಮಾದಲಿ, ಬಾಣಂತಿಗೆ ಸಜ್ಜಕ. ಗೋಧಿ ಒಲ್ಲೆನೆಂದರೆ ಮರ್ಯಾದೆಯನ್ನೇ ಒಲ್ಲೆನೆಂದಂತೆ. ಯಾಕೆ ಎಂದು ಕೇಳಿದವರಿಗೆ ಹೊಟ್ಟೆಯ ಕಥೆ ಹೇಳಬೇಕು. ಹೊಟ್ಟೆಯ ಕಥೆ ತೆಗೆದರೆ ಕಬ್ಬಿನ ಕಥೆ ಹೊರಗೆ ಬರುತ್ತದೆ. ಹೀಗಾಗಿ ಮುರಗೆಪ್ಪ ತನ್ನ ವ್ಯಥೆಯನ್ನು ವ್ರತ ಮಾಡಿಕೊಂಡ. ಪಂಕ್ತಿಯಲ್ಲಿ ಹುಗ್ಗಿ ಬಂದಾಗಲೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಒಂದು ನೇಮ ಐತ್ರಿ," ಎಂದು ಕಣ್ಣು ಮುಚ್ಚುತ್ತಿದ್ದ. ಜನ ಅವನಿಗೆ ಶರಣರೇ ಅನ್ನತೊಡಗಿದರು. ಒಬ್ಬ ಮುದುಕಿಯಂತೂ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಗೆ ಬಿದ್ದಳು. ಮುರಗೆಪ್ಪನಿಗೆ ನಾಚಿಕೆಯಾಯಿತು, ಆದರೆ ಕಾಲು ಹಿಂದೆ ತೆಗೆಯುವಷ್ಟು ಆಗಲಿಲ್ಲ.

ಕಾಟಾದ ಕೋಣೆಯಲ್ಲಿ ಅವನ ಪಕ್ಕದ ಕುರ್ಚಿ ಗಂಗಾರಾಮನದು. ಮುರಗೆಪ್ಪ ತೂಕ ಓದಿ ಹೇಳಿದರೆ ಗಂಗಾರಾಮ ಚೀಟಿ ಬರೆಯುತ್ತಿದ್ದ. ಅವನ ಮನೆತನ ಊರ ಹೊರಗಿನ ಕೇರಿಯದು. ಆ ಕೇರಿಯಿಂದ ಮ್ಯಾಟ್ರಿಕ್ ದಾಟಿ ನೌಕರಿ ಹಿಡಿದವರಲ್ಲಿ ಅವನೇ ಮೊದಲಿಗ. ಇಬ್ಬರೂ ಒಂದೇ ಚಹಾ ತರಿಸಿ, ಕಪ್ಪಿನಲ್ಲೊಬ್ಬ ಬಸಿಯಲ್ಲೊಬ್ಬ ಕುಡಿಯುತ್ತಿದ್ದರು. ಕಾರ್ಖಾನೆಯ ಚಹಾಕ್ಕೆ ಜಾತಿ ಇರಲಿಲ್ಲ, ಸಕ್ಕರೆಯೂ ಪುಕ್ಕಟೆ ಇತ್ತು. ಮನೆಯಲ್ಲಿ ಆ ಬಸಿಯ ವಿಚಾರ ಯಾರೂ ಕೇಳಿರಲಿಲ್ಲ, ಮುರಗೆಪ್ಪ ತಾನಾಗಿ ಹೇಳಿರಲೂ ಇಲ್ಲ.

ಗಂಗಾರಾಮನಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಹೊಸ ಮನೆ ಹೊಕ್ಕ ದಿನ ಅವನು ಆಫೀಸಿನವರನ್ನೆಲ್ಲ ಊಟಕ್ಕೆ ಕರೆದ. ಒಬ್ಬನಿಗೆ ಅಂದೇ ಬೀಗರು ಬಂದಿದ್ದರು, ಒಬ್ಬನಿಗೆ ಬಸ್ಸು ತಪ್ಪುತ್ತಿತ್ತು, ಉಳಿದವರಿಗೆ ತಲೆನೋವು. ಹೋದವನು ಮುರಗೆಪ್ಪ ಒಬ್ಬನೇ. ಬಾಗಿಲಲ್ಲಿ ಕಾಲಿಡುವಾಗ ತನ್ನ ಬಗ್ಗೆ ತನಗೇ ಹೆಮ್ಮೆ ಅನಿಸಿತ್ತು. ಒಳಗೆ ಹೋದರೆ ಹುಗ್ಗಿಯ ವಾಸನೆ.

ಗಂಗಾರಾಮನ ತಾಯಿ ಯಂಕವ್ವ ಜೀವನದ ತುಂಬ ಕೆಂಪು ಜೋಳದ ರೊಟ್ಟಿ ಬಡಿದವಳು. ಹುಗ್ಗಿಯನ್ನು ಅವಳು ಕಂಡದ್ದು ಗೌಡರ ಮನೆಯ ಹಿತ್ತಲಲ್ಲಿ, ಎಲ್ಲರೂ ಉಂಡೆದ್ದಮೇಲೆ. ಈಗ ಮಗನ ಪಗಾರದಲ್ಲಿ ತಾನೇ ಗೋಧಿ ತರಿಸಿ, ತಾನೇ ಕುಟ್ಟಿ, ಗಸಗಸೆ ಕೊಬ್ಬರಿ ಹಾಕಿ ಕುದಿಸಿದ್ದಳು. ಹೊಸ ತಾಟಿನ ಮುಂದೆ ಮುರಗೆಪ್ಪನನ್ನು ಕೂಡ್ರಿಸಿ, ಸೌಟು ಎತ್ತಿದಳು. ಮುರಗೆಪ್ಪನ ಕೈ ಹೇಳದೆ ಕೇಳದೆ ತಾಟಿಗೆ ಅಡ್ಡ ಹೋಯಿತು.

"ಒಂದು ನೇಮ ಐತಿ. ಇವತ್ತ ಉಣ್ಣೂದಿಲ್ಲ."

"ಯಾವ ನೇಮ ಅಣ್ಣಾ?" ಎಂದ ಗಂಗಾರಾಮ. "ಇವತ್ತ ಸೋಮಾರನೂ ಅಲ್ಲ, ಅಮಾಸಿನೂ ಅಲ್ಲ."

"ಮನೀದು... ಹಿರೇರಿಂದ ಬಂದದ್ದು. ಒಂದು ಬಾಳಿಹಣ್ಣು ಇದ್ರ ಕೊಡ್ರಿ, ಸಾಕು."

ಬಾಳೆಹಣ್ಣು ಬಂತು. ಅದನ್ನು ಸುಲಿಯುವಾಗ ಮುರಗೆಪ್ಪನಿಗೆ ತಾನು ಏನು ಮಾಡಿದೆನೆಂಬುದು ಹೊಳೆಯಿತು. ಕೇರಿಗೆ ಬಂದ ದೊಡ್ಡವರು ಅಲ್ಲಿ ಮುಟ್ಟುವುದೇ ಬಾಳೆಹಣ್ಣು. ಸಿಪ್ಪೆ ಇದೆಯಲ್ಲ, ಒಳಗಿನದಕ್ಕೆ ಯಾರ ಕೈಯೂ ತಾಗಿರುವುದಿಲ್ಲ. ಓಟು ಕೇಳಲು ಬಂದವರೆಲ್ಲ ಹಾಗೆಯೇ ಸುಲಿದು ತಿನ್ನುವುದನ್ನು ಯಂಕವ್ವ ನೋಡಿದ್ದಳು. ಅವಳು ಸೌಟನ್ನು ಹಂಡೆಯೊಳಗೆ ಇಟ್ಟಳು, ಸಪ್ಪಳವಾಗದಂತೆ.

"ಆತು ಬಿಡ್ರಿ," ಎಂದಳು. "ಬಂದೀರಲ್ಲ, ಅದs ದೊಡ್ಡದು."

ಮನೆಗೆ ಬಂದರೆ ಅಂಗಳದಲ್ಲಿ ನೀರಿನ ಹಂಡೆ ಕುದಿಯುತ್ತಿತ್ತು. ಮಗ ಯಾರ ಮನೆಗೆ ಹೋಗಿದ್ದನೆಂದು ತಿಳಿದಿದ್ದ ಸಿದ್ದಕ್ಕ ಪಂಚೆ ಹಿಡಿದುಕೊಂಡು ನಿಂತಿದ್ದಳು. "ಉಂಡೇನು?"

"ಇಲ್ಲ ಬೇ. ಬಾಳಿಹಣ್ಣು ತಿಂದೆ."

"ಹಂಗಾರ ಝಳಕದ್ದೇನು ಬ್ಯಾಡ," ಎಂದು ಅವಳು ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಮುರಗೆಪ್ಪನಿಗೆ ಮೈ ಹಗುರಾಯಿತು. ಯಾಕೆ ಹಗುರಾಯಿತು ಎಂದು ಅವನು ವಿಚಾರ ಮಾಡಲು ಹೋಗಲಿಲ್ಲ.

ಮರುದಿನ ಗಂಗಾರಾಮ ಎರಡು ಚಹಾ ತರಿಸಿದ. ಎರಡು ಕಪ್ಪು, ಎರಡು ಬಸಿ. "ತಗೋರಿ ಸಾಹೇಬ್ರ," ಎಂದ. ಅಣ್ಣಾ ಹೋಗಿ ಸಾಹೇಬ್ರು ಬಂದಿತ್ತು. ಗಾಡಿಗಳ ತೂಕವನ್ನು ಒಬ್ಬ ಹೇಳುವುದು, ಇನ್ನೊಬ್ಬ ಬರೆಯುವುದು ನಡೆದೇ ಇತ್ತು. ನಡುವಿನ ಹರಟೆ ಮಾತ್ರ ನಿಂತಿತು. ಹಂಗಾಮು ಮುಗಿಯುತ್ತ ಬಂದರೂ ಎರಡನೆಯ ಚಹಾ ನಿಲ್ಲಲಿಲ್ಲ. ಮುರಗೆಪ್ಪ ಜೋಳದ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟು ಏಳತೊಡಗಿದ.

ಕಡೆಗೆ ಭಾಗವ್ವ ಗಂಡನ ಬಾಯಿ ಬಿಡಿಸಿದಳು. ಕೇಳಿ ಮುಗಿಸಿ, "ಹೊಟ್ಟಿ ಕೆಟ್ಟೈತಿ ಅನ್ನಾಕ ನಿಮಗ ನಾಚಿಕಿ," ಎಂದಳು. "ಮನಸ್ಸು ಕೆಟ್ಟೈತಿ ಅನ್ನಿಸಿಕೊಳ್ಳಾಕ ನಾಚಿಕಿ ಇಲ್ಲ. ಹೋಗಿ ಖರೆ ಹೇಳಿ ಬರ್ರಿ."

"ಕಬ್ಬಿಂದೂ ಹೇಳಬೇಕೇನು?"

"ಅದನ್ನ ಮೊದಲ ಹೇಳ್ರಿ. ಅದನ್ನ ಕೇಳಿದವರು ಉಳದದ್ದನ್ನ ನಂಬ್ತಾರ."

ಭಾನುವಾರ ಮಧ್ಯಾಹ್ನ ಮುರಗೆಪ್ಪ ಗಂಗಾರಾಮನ ಮನೆಯ ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತ, ಎಲ್ಲ ಹೇಳಿದ. ಅತ್ತೆಯ ಹೋಳಿಗೆ, ಕೈಯಲ್ಲಿಯ ಚರಗಿ, ನೆತ್ತಿಯ ಮೇಲೆ ಬಿದ್ದ ಪುಂಡಿಪಲ್ಯ, ಮಿರಜದ ಡಾಕ್ಟರು, ಸುಳ್ಳು ನೇಮ. ಗಂಗಾರಾಮ ಮುಖ ಗಂಟುಹಾಕಿಕೊಂಡೇ ಕೇಳುತ್ತಿದ್ದ. ಕೆಮ್ಮಿನ ಸುದ್ದಿ ಬಂದಾಗ ಒಳಗಿನಿಂದ ಯಂಕವ್ವ ನಕ್ಕದ್ದು ಕೇಳಿಸಿತು.

"ಮುರಗೆಪ್ಪಣ್ಣಾ," ಎಂದ ಗಂಗಾರಾಮ, ಎಷ್ಟೋ ದಿನದ ಮೇಲೆ. "ಇದನ್ನ ಆವತ್ತs ಹೇಳಿದ್ರ ಏನಾಕ್ಕಿತ್ತು?"

"ಉಣ್ಣೂ ಹೊತ್ತಿನ್ಯಾಗ ಹೆಂಗ ಹೇಳ್ಲೋ ಅದನ್ನ."

ಯಂಕವ್ವ ಒಲೆ ಹಚ್ಚಿದಳು. ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಬಂತು. ಬಿಳಿ ಜೋಳದ ರೊಟ್ಟಿ ಪೂರಿಯಂತೆ ಉಬ್ಬಿ ತಾಟಿಗೆ ಬಿತ್ತು, ಜೊತೆಗೆ ಝುಣಕ, ಹಸಿ ಉಳ್ಳಾಗಡ್ಡಿ. ಮುರಗೆಪ್ಪ ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಉಣ್ಣುವಾಗ ಮನೆಯಲ್ಲಿ ಹಂಡೆಯ ಕೆಳಗೆ ಉರಿ ಹತ್ತಿಸುವ ತಾಯಿ ನೆನಪಾದಳು. ಆದರೂ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಅದು ಅವನು ಮಿರಜದಿಂದ ಬಂದಮೇಲೆ ಉಂಡ ಎಲ್ಲಕ್ಕಿಂತ ಛಲೋ ಊಟ. ಗಂಗಾರಾಮ ಒಂದು ಚಹಾಕ್ಕೆ ಹೇಳಿ, ಬಸಿಯನ್ನು ತನ್ನ ಕಡೆ ಸರಿಸಿಕೊಂಡ.

ಯಂಕವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಒಂದು ಮಾತು ಕೇಳ್ತೀನ್ರಿ. ಗೋದಿದು ಆಗೂದಿಲ್ಲ, ಆತು. ಆವತ್ತ ನಾ ಅಕ್ಕಿ ಪಾಯಸಾ ಮಾಡಿದ್ರ ಉಣತಿದ್ರೇನು?"

ಮುರಗೆಪ್ಪ ಬಾಯೊಳಗಿನ ತುತ್ತು ನುಂಗಿದ. ಉಣತಿದ್ದೆ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಖರೆ ಹೇಳಿ ಬಾ ಎಂದು ಕಳಿಸಿದ ಭಾಗವ್ವ, ಒಲೆಯ ಕಟ್ಟಿಗೆ ಎಳೆದ ತಾಯಿ, ಅಂದು ಹಗುರಾದ ತನ್ನ ಮೈ, ಮೂರೂ ಒಟ್ಟಿಗೆ ನೆನಪಾದವು.

"ಅಕ್ಕೀದು ಮಾಡಿದ್ರ," ಎಂದ ಅವನು, ತಾಟು ನೋಡುತ್ತ, "ಹಲ್ಲು ನೋಯಾಕತ್ತಾವು ಅಂತಿದ್ದೆ, ಯಂಕವ್ವ."