ಅಮ್ಮನ ಕಣ್ಣಿಗೆ ಉಕ್ಕಿನ ಅಲಗು

ಚಾಮರಾಜಪೇಟೆಯ ಒಂದು ಹಳೆಯ ಕಣ್ಣಾಸ್ಪತ್ರೆಯಲ್ಲಿ ನಾನು ಥಿಯೇಟರ್ ಸಿಸ್ಟರ್. ಮದುವೆಗೆ ಮುಂಚೆ ಸೇರಿದವಳು, ಮಗಳ ಮದುವೆಯಾದ ಮೇಲೂ ಅಲ್ಲೇ ಇದ್ದೇನೆ. ಆಪರೇಷನ್ ಮಾಡುವವರು ಡಾಕ್ಟರು, ನಿಜ. ಆದರೆ ಅವರ ಕೈಗೆ ಚಾಕು ಕೊಡುವವಳು, ಅದನ್ನು ತೊಳೆದು, ಹಬೆಯಲ್ಲಿಟ್ಟು, ಕಾಪಾಡುವವಳು ನಾನು. ಈ ವಿಷಯದಲ್ಲಿ ನನಗೆ ಒಂದಿಷ್ಟು ಜಂಬವಿದೆ. ಹೊಸದಾಗಿ ಸೇರಿದ ಹುಡುಗಿಯರು ಚಾಕುಗಳ ಟ್ರೇಯನ್ನು ಬೋಂಡದ ತಟ್ಟೆ ತಂದ ಹಾಗೆ ತಂದರೆ ಮೈ ಉರಿದುಹೋಗುತ್ತದೆ, ಅಲ್ಲೇ ಬೈದೂ ಬಿಡುತ್ತೇನೆ.

ನಮ್ಮಲ್ಲಿ ಎರಡು ಬಗೆಯ ಚಾಕುಗಳಿವೆ. ಉಕ್ಕಿನದು ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ಒಂದು ಕಣ್ಣಿಗೆ ಒಂದು, ಆಮೇಲೆ ಬಿಸಾಡುವುದು. ಅದನ್ನು ಕರಿಗುಡ್ಡೆಯ ಅಂಚಿಗಿಟ್ಟು ಒತ್ತಿದಾಗ ಕಣ್ಣು ಮೊದಲು ಚೂರು ತಗ್ಗುತ್ತದೆ, ಆಮೇಲೆ ಅಲಗು ಇಳಿಯುತ್ತದೆ. ವಜ್ರದ್ದು ಡಾಕ್ಟರು ವಯಸ್ಸಿನಲ್ಲಿದ್ದಾಗ ತರಿಸಿದ್ದು. ಅದು ತಗ್ಗಿಸುವುದೂ ಇಲ್ಲ, ಎಳೆಯುವುದೂ ಇಲ್ಲ, ಗಟ್ಟಿ ಮೊಸರಿಗೆ ಚಮಚ ಇಳಿದ ಹಾಗೆ ಇಳಿದುಬಿಡುತ್ತದೆ. ಅದು ಕೊಯ್ದ ಗಾಯ ತಾನೇ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಕಾಗುವುದೇ ಅಪರೂಪ. ಎಷ್ಟು ಆಳಕ್ಕೆ ಹೋಯಿತೆಂದು ಕೈಗೆ ತಿಳಿಯದಿರುವುದೇ ಅದರ ಅಪಾಯ ಎಂದು ಡಾಕ್ಟರು ಹೇಳುತ್ತಿದ್ದರು. ಹೇಳುತ್ತಲೇ ಎಲ್ಲರಿಗೂ ಅದನ್ನೇ ಬಳಸುತ್ತಿದ್ದರು.

ವಜ್ರ ಗಟ್ಟಿ ಎಂದು ಎಲ್ಲರೂ ತಿಳಿದಿದ್ದಾರೆ. ಅದರ ಅಂಚಿನಷ್ಟು ನಾಜೂಕಿನ ವಸ್ತುವನ್ನು ನಾನು ಬೇರೆ ನೋಡಿಲ್ಲ. ಹತ್ತಿಯಿಂದಲೂ ಒರೆಸುವ ಹಾಗಿಲ್ಲ, ಸಿರಿಂಜಿನಿಂದ ನೀರು ಚಿಮ್ಮಿಸಿಯೇ ತೊಳೆಯಬೇಕು. ಹಿಡಿಯ ಹಿಂಬದಿಯ ತಿರುಪು ತಿರುಗಿಸಿದರೆ ಅಲಗು ಹೊರಗೆ ಬರುತ್ತದೆ, ಕೆಲಸ ಮುಗಿದ ತಕ್ಷಣ ತಿರುಗಿಸಿ ಒಳಗೆ ಕಳಿಸಬೇಕು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಮರೆತಿರಲಿಲ್ಲ.

ಅಮ್ಮ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದವಳು. ಚಿಕ್ಕಂದಿನಲ್ಲಿ ಹೊಲದಲ್ಲಿ ಹುಲ್ಲಿನ ಗರಿ ಬಡಿದು, ಹುಣ್ಣಾಗಿ, ಬಲಗಣ್ಣು ಹೋಗಿತ್ತು. ಸೊಪ್ಪು ಬಿಡಿಸಿದ್ದು, ವ್ಯಾಪಾರ ಮಾಡಿದ್ದು, ನನ್ನನ್ನು ಓದಿಸಿದ್ದು ಎಲ್ಲ ಎಡಗಣ್ಣೊಂದರಲ್ಲೇ. ಈಗ ನನ್ನ ಜೊತೆಗೇ ಇದ್ದಾಳೆ. ಒಂದು ದಿನ ಅವಳು ಬಿಡಿಸಿಟ್ಟ ದಂಟಿನ ಸೊಪ್ಪಿನಲ್ಲಿ ಹುಲ್ಲು ಹಾಗೇ ಇದ್ದದ್ದನ್ನು ನೋಡಿ ನನಗೆ ಅನುಮಾನ ಬಂತು. ಟಾರ್ಚ್ ಬಿಟ್ಟು ನೋಡಿದರೆ ಪೊರೆ ಪೂರ್ತಿ ಬಲಿತಿತ್ತು. ದಿನವೂ ಊರಿನವರ ಕಣ್ಣು ನೋಡುವವಳು ನಾನು, ಮನೆಯಲ್ಲಿದ್ದ ಒಂದೇ ಒಂದು ಕಣ್ಣನ್ನು ನೋಡಿರಲಿಲ್ಲ.

ಆಪರೇಷನ್ನಿಗೆ ಅವಳು ಸುಲಭಕ್ಕೆ ಒಪ್ಪಲಿಲ್ಲ. ಇರುವುದೊಂದು, ಅದೂ ಹೋದರೆ ಏನು ಗತಿ ಎಂದು ಹಟ ಹಿಡಿದು ಕೂತಳು. ಕಡೆಗೆ ಒಂದು ಷರತ್ತು ಹಾಕಿದಳು.

“ವಜ್ರದ್ದ್ರಲ್ಲೇ ಮಾಡ್ಬೇಕು. ನೀನೇ ಪಕ್ಕದಲ್ ನಿಂತಿರ್ಬೇಕು. ಹಂಗಿದ್ರೆ ಮಲಗ್ತೀನಿ.”

ತಪ್ಪು ನನ್ನದೇ. ವರ್ಷಗಟ್ಟಲೆ ಆ ವಜ್ರದ ಚಾಕುವಿನ ಬಡಾಯಿಯನ್ನು ಅವಳ ಮುಂದೆ ಕೊಚ್ಚಿಕೊಂಡವಳು ನಾನೇ. ಒಪ್ಪಿಕೊಂಡೆ. ಡಾಕ್ಟರು ಕಣ್ಣಿನ ಒತ್ತಡ ನೋಡಿದರು, ಸ್ಕ್ಯಾನ್ ಮಾಡಿಸಿದರು, ಎಲ್ಲ ಸರಿಯಿದೆ ಎಂದರು. ದಸರೆ ಕಳೆದ ಮೇಲಿನ ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದರು.

ಆಯುಧಪೂಜೆ ನಮ್ಮಲ್ಲಿ ಜೋರು. ಮೈಕ್ರೋಸ್ಕೋಪಿಗೆ ಅರಿಶಿನ ಕುಂಕುಮ, ಸ್ಟೆರಿಲೈಜರಿಗೆ ಬೂದುಗುಂಬಳ, ಚಾಕುಗಳನ್ನು ಟ್ರೇಯಲ್ಲಿ ಜೋಡಿಸಿ ಮೇಲೊಂದು ಸೇವಂತಿಗೆ ಮಾಲೆ. ವಜ್ರದ ಚಾಕುವಿಗೆ ಮಾತ್ರ ಪ್ರತಿ ವರ್ಷ ಮುಚ್ಚಿದ ಡಬ್ಬಿಯ ಮೇಲೇ ಕುಂಕುಮ. ಆ ವರ್ಷ ನನಗೆ ಅದು ಸಾಲದೆನಿಸಿತು. ಅಮ್ಮನ ಕಣ್ಣಿಗೆ ಇಳಿಯುವ ಅಲಗು, ದೇವಿ ಅದನ್ನು ಕಣ್ಣಾರೆ ನೋಡಲಿ ಎಂದು ಡಬ್ಬಿ ತೆರೆದೆ. ತಿರುಪು ತಿರುಗಿಸಿ ಅಲಗನ್ನು ಹೊರಗೆ ತಂದು, ಟ್ರೇಯ ಮಧ್ಯದಲ್ಲಿ ಬಟ್ಟೆಯ ಮೇಲಿಟ್ಟು ಕೈಮುಗಿದೆ. ವಿಜಯದಶಮಿಯವರೆಗೆ ಆಯುಧ ಮುಟ್ಟುವಂತಿಲ್ಲವಲ್ಲ, ಹಾಗೇ ಬಿಟ್ಟು ಬಂದೆ.

ಮಾರನೆಯ ಬೆಳಿಗ್ಗೆ ನಾನೇ ಮಾಲೆ ತೆಗೆದೆ. ಮಾಲೆಯ ದಾರ ಚಾಕುವಿನ ಹಿಡಿಗೆ ಸುತ್ತಿಕೊಂಡಿದ್ದನ್ನು ನಾನು ನೋಡಲಿಲ್ಲ. ಹಿಡಿ ಒಂದು ಸುತ್ತು ಉರುಳಿತು, ತುದಿ ಟ್ರೇಯ ಅಂಚಿಗೆ ತಾಕಿತು. ಸದ್ದೂ ಬರಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಹಿಡಿದಾಗ ಒಂದು ಮೂಲೆ ಇರಲೇ ಇಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

ಡಾಕ್ಟರೂ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ತಯಾರಿಸಿದವರಿಗೇ ಕಳಿಸಿ ಸಾಣೆ ಹಿಡಿಸಬೇಕು, ತಿಂಗಳುಗಳೇ ಹಿಡಿಯುತ್ತವೆ ಎಂದರು. ಅಲ್ಲಿಯವರೆಗೆ ಅಮ್ಮನ ಆಪರೇಷನ್ ಮುಂದೆ ಹಾಕೋಣವೇ ಎಂದು ಕೇಳಿದೆ. ಪೊರೆ ದಿನದಿನಕ್ಕೆ ಕಲ್ಲಾಗುತ್ತಿದೆ, ಕಾಯುವುದು ಬೇಡ ಎಂದರು. ದೊಡ್ಡ ಆಸ್ಪತ್ರೆಗಳಲ್ಲಿ ಲೇಸರಿನಿಂದ ಕೊಯ್ಯುತ್ತಾರಲ್ಲ ಎಂದೆ. ಇಷ್ಟು ಗಟ್ಟಿಯಾದ ಪೊರೆಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ ಎಂದರು. ಉಳಿದದ್ದು ಉಕ್ಕು.

ಶನಿವಾರ ಎಲ್ಲರೂ ಹೋದ ಮೇಲೆ ಮೂರು ಕಂಪನಿಗಳ ಅಲಗುಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಇಟ್ಟು ನೋಡಿದೆ. ಬರಿಗಣ್ಣಿಗೆ ಎಲ್ಲವೂ ಒಂದೇ. ದೊಡ್ಡದು ಮಾಡಿದಾಗ ಒಂದರ ಅಂಚಿನಲ್ಲಿ ಸಣ್ಣ ಸಣ್ಣ ಸಿಬಿರುಗಳು, ಇನ್ನೊಂದರ ತುದಿ ಕಾಣದಷ್ಟು ಬಾಗಿತ್ತು. ಮೂರನೆಯದು ಪರವಾಗಿಲ್ಲ ಎನ್ನುವಂತಿತ್ತು. ಆದರೆ ತೆರೆದು ನೋಡಿದ್ದನ್ನು ಕಣ್ಣಿಗೆ ಬಳಸುವಂತಿಲ್ಲ, ಅದೇ ಕಂಪನಿಯ ಬೇರೆ ಪೊಟ್ಟಣ ಒಡೆಯಬೇಕು, ಅದರೊಳಗೆ ಏನಿದೆಯೋ ಯಾರಿಗೆ ಗೊತ್ತು. ನನ್ನ ಇಷ್ಟು ವರ್ಷದ ಅನುಭವ ಅಷ್ಟಕ್ಕೇ ಬಂದು ನಿಂತಿತು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಮಲಗುವುದಿಲ್ಲ ಎಂಬ ಭಯ.

ಸೋಮವಾರ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿದ್ದರು, ಅಮ್ಮನಿಗೆ ಎಚ್ಚರವಿತ್ತು. ಹಸಿರು ಬಟ್ಟೆಯ ಕೆಳಗಿನಿಂದ ಮೆಲ್ಲಗೆ ಕೇಳಿದಳು.

“ವಜ್ರದ್ದೇ ತಾನೆ?”

“ಹೂಂ ಅಮ್ಮ, ಅದೇ. ಮಾತಾಡ್ಬೇಡ, ಅಲುಗಾಡ್ಬೇಡ.”

ಡಾಕ್ಟರು ನನ್ನ ಕಡೆ ನೋಡಲಿಲ್ಲ. ಉಕ್ಕಿನ ಅಲಗನ್ನು ಅವರ ಕೈಗಿಟ್ಟೆ. ಮೈಕ್ರೋಸ್ಕೋಪಿಗೆ ಜೋಡಿಸಿದ ಟಿವಿಯಲ್ಲಿ ಅಮ್ಮನ ಕಣ್ಣು ತಗ್ಗಿತು. ಇನ್ನೂ ತಗ್ಗಿತು. ಸಾವಿರಾರು ಕಣ್ಣುಗಳಿಗೆ ಅಲಗು ಇಳಿದದ್ದನ್ನು ನೋಡಿದ್ದೇನೆ, ಇದನ್ನು ನೋಡಲಾಗದೆ ಮುಖ ತಿರುಗಿಸಿದೆ. ಪೊರೆ ಹೊರಗೆ ಬಂತು, ಲೆನ್ಸ್ ಕೂತಿತು, ಗಾಯಕ್ಕೆ ಒಂದು ಹೊಲಿಗೆ ಬೇಕಾಯಿತು. ಚೆನ್ನಾಗೇ ಆಯಿತು ಎಂದು ಡಾಕ್ಟರು ಅಮ್ಮನ ಹಣೆ ತಟ್ಟಿದರು.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅಮ್ಮ ನೇರಕ್ಕಿದ್ದ ದೊಡ್ಡ ಅಕ್ಷರಗಳನ್ನು ಓದಿದಳು. ಪಕ್ಕಕ್ಕೆ ಹಿಡಿದ ನನ್ನ ಕೈ ಮಾತ್ರ ಅವಳಿಗೆ ಕಾಣಲೇ ಇಲ್ಲ. ಊತ ಇಳಿಯಲಿ ಎಂದು ಕಾದೆವು. ಎರಡು ವಾರ ಕಳೆದರೂ ಹಾಗೇ ಇತ್ತು. ಡಾಕ್ಟರು ಕಣ್ಣಿನ ಹಿಂಭಾಗದ ಫೋಟೊ ತೆಗೆದು ನನ್ನನ್ನು ಒಳಗೆ ಕರೆದರು. ದೃಷ್ಟಿಯ ನರ ಬಿಳಿಚಿ, ಗುಳಿ ಬಿದ್ದಿತ್ತು. ಅವರು ಹೇಳುವುದೇ ಬೇಕಾಗಿರಲಿಲ್ಲ.

“ಸಿಸ್ಟರ್, ಇದು ವರ್ಷಗಳಿಂದ ಆಗಿರೋದು. ಒತ್ತಡ ಸರಿಯಾಗಿದ್ರೂ ಕೆಲವರಿಗೆ ನರ ಒಣಗ್ಬಿಡುತ್ತೆ. ಪೊರೆ ಅಡ್ಡ ಇತ್ತು, ನಮಗೆ ಕಾಣ್ಲಿಲ್ಲ. ಚಾಕುಗೂ ಇದಕ್ಕೂ ಸಂಬಂಧ ಇಲ್ಲ.”

ಇನ್ನು ಮುಂದೆ ಹನಿ ಹಾಕಿ ಇದ್ದಷ್ಟನ್ನು ಉಳಿಸಿಕೊಳ್ಳಬೇಕು, ಹೋದದ್ದು ಬರುವುದಿಲ್ಲ. ನನ್ನ ತಪ್ಪಲ್ಲ ಎಂದು ತಿಳಿದು ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ನನ್ನ ತಪ್ಪೇ ಆಗಿದ್ದರೆ ಚೆನ್ನಾಗಿತ್ತು, ತಪ್ಪನ್ನಾದರೂ ತಿದ್ದಬಹುದಿತ್ತು ಅನ್ನಿಸಿತು.

ಅವತ್ತು ಸಂಜೆ ಅಮ್ಮನ ಎದುರು ಕೂತೆ. “ನಿನ್ ಮುಖ ಕಾಣ್ತದೆ, ಕಿವಿ ಕಾಣಲ್ಲ ಕಣೇ,” ಎಂದಳು. ಎಲ್ಲವನ್ನೂ ಹೇಳಿಬಿಡೋಣ ಎಂದು ಮೊದಲಿನಿಂದ ಶುರುಮಾಡಿದೆ. ಮಾಲೆ, ದಾರ, ಮುರಿದ ಮೂಲೆ, ಉಕ್ಕಿನ ಅಲಗು, ನಾನು ಹೇಳಿದ ಸುಳ್ಳು. ನರದ ಮಾತಿಗೆ ಬರುವಷ್ಟರಲ್ಲಿ ಅಮ್ಮನ ಮುಖ ಅರಳಿತ್ತು. ಅವಳು ನನ್ನ ತಲೆ ಸವರಿದಳು.

“ಅಳ್ಬೇಡ ಸುಮ್ನಿರು. ನಾನೂ ಏನೋ ಅಂದ್ಕೊಂಡಿದ್ದೆ, ಅದಕ್ಕೇ ಹಿಂಗಾಗಿರೋದು. ರಿಪೇರಿಯಾಗಿ ಬರ್ಲಿ, ಅದ್ರಲ್ಲೇ ಇನ್ನೊಂದ್ ಸಲ ಮಾಡ್ಸ್ಬಿಡೋಣ.”

ನಾನು ಬಾಯಿ ತೆರೆದೆ. ಆಗಲಿ ಅಮ್ಮ ಎಂದೆ.

ವಜ್ರದ ಚಾಕು ಹೋದ ತಿಂಗಳು ಸಾಣೆಯಾಗಿ ಬಂದಿದೆ. ಡಾಕ್ಟರಿಗೆ ದಿನವೂ ಅದನ್ನೇ ಕೊಡುತ್ತೇನೆ, ಕೆಲಸವಾದ ಮೇಲೆ ತೊಳೆದು ಒಳಗಿಡುತ್ತೇನೆ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಮ್ಮ ಒಳಗಿನಿಂದ ಬಂತೇನೇ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಅಮ್ಮ ಅನ್ನುತ್ತೇನೆ.