ಹೊಳೆ ದಾಟಿದ ಮಾತು

ಅಕ್ಕೋರ ಬಲಗೈಯ ತೋರುಬೆರಳು ಮೇಲಿನ ಗಿಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಎದುರಿಗೆ ಕೂತವರತ್ತ ಅದನ್ನು ಚಾಚಿ ಗದರಿದರೆ ಪಕ್ಕದಲ್ಲಿದ್ದವರು ಹೆದರುತ್ತಿದ್ದರು. ಯಾವುದೋ ಹಳ್ಳಿಯಲ್ಲಿ ಬಾಗಿಲಿಗೆ ಸಿಕ್ಕಿ ಮುರಿದದ್ದಂತೆ. ಒಳಗೆ ಬರಬೇಡಿರೆಂದು ಮನೆಯವರು ಕದ ಮುಚ್ಚಿದರೂ ಇವರು ಕೈ ತೆಗೆದಿರಲಿಲ್ಲ. ಈ ಕತೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಕನಿಕರ ಹುಟ್ಟುತ್ತಿದ್ದದ್ದು ಆ ಮನೆಯವರ ಮೇಲೆ.

ನಮ್ಮದು ಇಳಕಲ್ಲಿನ ನೇಕಾರ ಓಣಿ. ಮಗ್ಗದ ಸದ್ದಿನ ನಡುವೆ ಕೆಲವೇ ಕ್ರೈಸ್ತ ಮನೆಗಳು, ಹೆಂಚು ಹೊದಿಸಿದ ಒಂದು ಪುಟ್ಟ ಚರ್ಚು. ಪಾದ್ರಿಗಳು ಬೇರೆ ಊರಿನಿಂದ ಭಾನುವಾರ ಬಂದು ಹೋಗುತ್ತಿದ್ದರು. ಉಳಿದ ದಿನ ನಮ್ಮನ್ನು ಆಳುತ್ತಿದ್ದವರು ಅಕ್ಕೋರು. ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು ಅವರ ಕೆಲಸ. ಮದುವೆಯಾಗಿರಲಿಲ್ಲ. ಕಪ್ಪು ಕೊಡೆ ಹಿಡಿದು ದೂರದ ರಾಮಥಾಳದವರೆಗೂ ನಡೆದೇ ಹೋಗಿ ಬರುತ್ತಿದ್ದರು. ನಮ್ಮ ಪ್ರಾರ್ಥನೆಯ ದನಿ ಏರಿದರೆ, "ದೇವರು ಕಿವುಡ ಅಲ್ಲ, ಸಣ್ಣಗ ಮಾತಾಡು" ಎನ್ನುತ್ತಿದ್ದರು. ಅವರು ಅದನ್ನು ಹೇಳಿದ್ದು ಮಾತ್ರ ಓಣಿಯ ಆ ತುದಿಗೂ ಕೇಳಿಸುತ್ತಿತ್ತು.

ಒಪ್ಪಿಕೊಳ್ಳಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ, ಆಮೇಲೆ ಬಯ್ಯಲು ಸಲೀಸು. ನನಗೂ ನನ್ನ ತಂಗಿಗೂ ಅಕ್ಷರ ಕಲಿಸಿದವರು ಇವರೇ. ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತುವುದು ಕಲಿತರೆ ಸಾಕು ಎಂದು ಅಪ್ಪ ನನ್ನ ಶಾಲೆ ಬಿಡಿಸಿದಾಗ ಅಕ್ಕೋರು ಬಂದು ಮಗ್ಗದ ಕುಣಿಯ ಅಂಚಿನಲ್ಲಿ, ಲಾಳಿ ಓಡದಂತೆ, ಅಡ್ಡ ಕೂತರು. ಅಪ್ಪ ಮಧ್ಯಾಹ್ನದವರೆಗೆ ಒಂದು ಗೇಣೂ ನೇಯಲಾಗದೆ ಕೊನೆಗೆ ಹೂಂ ಅಂದ. ನಾನು ಮಾಸ್ತರಿಕೆ ಮಾಡಿ ಅನ್ನ ಉಂಡದ್ದು ಆ ಹೂಂನಿಂದ. ಎಷ್ಟು ಸಿಟ್ಟಿದ್ದರೂ ಅವರನ್ನು ಏಕವಚನದಲ್ಲಿ ಬಯ್ಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಂಗಿ ವಿಧವೆಯಾಗಿ ತವರಿಗೆ ಬಂದಿದ್ದಳು. ಮಕ್ಕಳಿರಲಿಲ್ಲ. ಎರಡು ವರ್ಷ ಅವಳು ನೇಯ್ದಳೇ ಹೊರತು ನಗಲಿಲ್ಲ. ಅವಳಿಗೆ ಸಂಬಂಧ ಹುಡುಕಿ ತಂದವರೂ ಅಕ್ಕೋರೇ. ಗಂಡು ಬಾಗಲಕೋಟೆಯ ಕಂಪೌಂಡರು, ಹೆಂಡತಿ ತೀರಿದವನು, ಸಭ್ಯ. ಅವನು ಬಂದು ಹೋದ ಸಂಜೆ ತಂಗಿ ಕನ್ನಡಿ ಹುಡುಕಿದಳು. ಅಷ್ಟು ಸಾಕಿತ್ತು ನನಗೆ. ಅವಳು ಹೋಗುವ ಮನೆ ಒಳ್ಳೆಯದಾಗಲಿ ಎನ್ನುವುದು ಬಿಟ್ಟು ಆಗ ನನಗೆ ಬೇರೆ ಯಾವ ಪ್ರಾರ್ಥನೆಯೂ ಇರಲಿಲ್ಲ.

ಮದುವೆಗೆ ಮುಂಚೆ, ಈಸ್ಟರಿನ ಉಪವಾಸದ ದಿನಗಳಲ್ಲಿ, ಅಕ್ಕೋರು ಹೆಂಗಸರನ್ನು ಧ್ಯಾನಕೂಟಕ್ಕೆ ಹೊರಡಿಸಿದರು. ಚರ್ಚಿನಲ್ಲಿ ಮಾಡಿದ್ದರೆ ಆಗುತ್ತಿರಲಿಲ್ಲವೇ? ಇಲ್ಲ, ಕೃಷ್ಣೆಯ ನಡುಗಡ್ಡೆಯೇ ಬೇಕು. ಬೈಬಲಿನ ಯೋಹಾನನಿಗೆ ದರ್ಶನವಾದದ್ದು ದ್ವೀಪದಲ್ಲಿ ಅಂತ ಒಂದೇ ಹಟ. ಹುನಗುಂದದಲ್ಲಿ ಬಸ್ಸು ಬದಲಿಸಿ, ಎರೆಹೊಲಗಳ ನಡುವೆ ನಡೆದು, ಹರಗೋಲಿನಲ್ಲಿ ಕೂತು ಹೋದೆವು. ಅಲ್ಲಿದ್ದದ್ದು ಬಂಡೆ, ಮರಳು, ಜಾಲಿ ಗಿಡ, ಮೀನುಗಾರರು ಬಿಟ್ಟುಹೋದ ಒಂದು ಗುಡಿಸಲು. ನಮ್ಮನ್ನು ಇಳಿಸಿದ ಅಂಬಿಗ, ಇವರಿಗೆಲ್ಲ ಮನೆಯಿಲ್ಲವೇ ಎಂಬಂತೆ ನೋಡುತ್ತ ವಾಪಸು ಹೋದ.

ಮೂರು ದಿನ ಮೌನ. ಒಂದು ಹೊತ್ತು ಒಣಗಿದ ಕಟಿ ರೊಟ್ಟಿ, ಖಾರದ ಶೇಂಗಾ ಹಿಂಡಿ. ಒಬ್ಬೊಬ್ಬರೂ ಒಂದೊಂದು ಜಾಲಿ ಗಿಡದ ಕೆಳಗೆ ಬೇರೆ ಬೇರೆ ಕೂರಬೇಕು. ಜಾಲಿಯ ನೆರಳು ಎಷ್ಟು ಅಂತ ಕೂತವರಿಗೇ ಗೊತ್ತು. ನೇಕಾರ ಹೆಂಗಸರು ಮಾತನ್ನಾದರೂ ಬಿಟ್ಟಾರು, ಕೈ ಬಿಡಲಾರರು. ಎಲ್ಲರೂ ಸೆರಗಿನ ಕುಚ್ಚು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಹೊತ್ತು ಕಳೆದೆವು. ಅದನ್ನು ಕಂಡ ಅಕ್ಕೋರು ಕೈ ಕಟ್ಟಿ ಕೂರಿರೆಂದು ಸನ್ನೆ ಮಾಡಿದರು. ತಾವು ಮಾತ್ರ ನಮಗಿಂತ ಕಡಿಮೆ ತಿಂದರು, ನಮಗಿಂತ ಹೆಚ್ಚು ಬಿಸಿಲಲ್ಲಿ ಕೂತರು. ಕಳ್ಳತನದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದಿದ್ದರೂ ಮುಂದೆ ನನ್ನ ಸಿಟ್ಟಿಗೆ ಅನುಕೂಲವಾಗುತ್ತಿತ್ತು. ಅವರು ಅಂಥ ಅನುಕೂಲ ಮಾಡಿಕೊಡುವ ಪೈಕಿಯೇ ಅಲ್ಲ.

ಕೊನೆಯ ದಿನ ಮರಳಿನಲ್ಲಿ ಎಲ್ಲರನ್ನೂ ಸುತ್ತ ಕೂರಿಸಿದರು. ಒಬ್ಬೊಬ್ಬರೂ ಮನಸ್ಸಿನ ಭಾರವನ್ನು ಬಾಯಿ ಬಿಟ್ಟು ಹೇಳಬೇಕು ಅಂದರು. ಎಲ್ಲರೂ ಮತ್ತೆ ಸೆರಗಿನ ಕುಚ್ಚಿಗೆ ಕೈ ಹಾಕಿದೆವು. ಆಗ ಅವರು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಇಲ್ಲಿ ಆಡಿದ ಮಾತು ಹೊಳಿ ದಾಟಂಗಿಲ್ಲ. ನಾ ಹೇಳ್ತೇನಿ ಕೇಳ್ರಿ, ದಾಟಂಗಿಲ್ಲ."

ಆಮೇಲೆ ಒಬ್ಬಳು ಸೊಸೆಗೆ ಹೊಡೆದದ್ದು ಹೇಳಿದಳು. ಇನ್ನೊಬ್ಬಳು ಸೀರೆಯ ಪನ್ನದಲ್ಲಿ ಎರಡು ಬೆರಳು ಅಗಲ ಕಡಿಮೆ ಮಾಡಿ ನೇಯ್ದು ಮಾರಿದ್ದು ಹೇಳಿದಳು. ನಾನೂ ಏನೋ ಚಿಲ್ಲರೆ ಪಾಪ ಹುಡುಕಿ ಒಪ್ಪಿಸಿದೆ. ಕೊನೆಗೆ ತಂಗಿ ಮಾತಾಡಿದಳು. ಗಂಡ ಬಾಗಲಕೋಟೆಯ ದವಾಖಾನೆಯಲ್ಲಿ ಕಾಮಾಲೆಯಿಂದ ಮಲಗಿದ್ದಾಗ, ಬಟ್ಟೆ ತರುತ್ತೇನೆಂದು ಹೇಳಿ ಹೊರಗೆ ಬಿದ್ದವಳು ಇಳಕಲ್ಲಿನ ಬಸ್ಸು ಹತ್ತಿರಲಿಲ್ಲ. ಕೆರೂರಿಗೆ ಹೋಗಿ, ಅಲ್ಲಿಂದ ಬಾದಾಮಿಗೆ ಹೋಗಿ, ಮಹಾಕೂಟದ ಶಿವನ ಗುಡಿಗೆ ನಡೆದಿದ್ದಳು. ಹೊಂಡದಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲಿ ಹರಕೆ ಹೊತ್ತು, ಆ ಸೀರೆ ಮೈಮೇಲೆ ಆರುವ ಮೊದಲೇ ವಾಪಸು ಹೊರಟಿದ್ದಳು. ಇದು ನನಗೂ ಗೊತ್ತಿರಲಿಲ್ಲ.

"ಬೇಡಿಕೊಂಡೆ. ಆದ್ರೂ ಆತ ಉಳೀಲಿಲ್ರಿ" ಅಂದಳು. ಹೊಸ ಮನೆಗೆ ಇದನ್ನು ಹೊತ್ತುಕೊಂಡು ಹೋಗುವ ಮನಸ್ಸಿಲ್ಲ, ಅದಕ್ಕೇ ಹೇಳಿದೆ ಅಂದಳು. ಅಕ್ಕೋರು ಎದ್ದು ಬಂದು ಅವಳನ್ನು ಅಪ್ಪಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ. ವಾಪಸು ಬರುವಾಗ ಹರಗೋಲಿನಲ್ಲಿ ತಂಗಿ ಸಣ್ಣಗೆ ಹಾಡಿಕೊಂಡಳು. ಅಕ್ಕೋರ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲಂತೂ ಬರಲೇ ಇಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದುತ್ತಾರೆ. ಈ ಮದುವೆಗೆ ಅಡ್ಡಿಯೇನಾದರೂ ಇದ್ದರೆ ಹೇಳಿರಿ ಅಂತ ಪಾದ್ರಿಗಳು ಕೇಳುತ್ತಾರೆ. ಅದಕ್ಕೆ ಯಾರೂ ಉತ್ತರ ಹೇಳುವುದಿಲ್ಲ. ಯಾರಾದರೂ ಕೆಮ್ಮುತ್ತಾರೆ, ಹುಡುಗಿ ತಲೆ ತಗ್ಗಿಸುತ್ತಾಳೆ, ಮುಂದಿನ ಹಾಡು ಶುರುವಾಗುತ್ತದೆ. ಎರಡು ಭಾನುವಾರ ಹಾಗೆಯೇ ಆಯಿತು. ಮೂರನೆಯ ಭಾನುವಾರ ಅಕ್ಕೋರು ಎದ್ದು ನಿಂತರು.

ಮಹಾಕೂಟ, ಹೊಂಡ, ಒದ್ದೆ ಸೀರೆ, ಹರಕೆ, ಒಂದನ್ನೂ ಬಿಡದೆ ಹೇಳಿದರು. ಗಂಡಿನ ಕಡೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಪಾದ್ರಿಗಳಿಗೆ ಏನು ಮಾಡಬೇಕೋ ತೋಚಲಿಲ್ಲ. ಹುಡುಗಿ ಸಭೆಯ ಮುಂದೆ ನಿಂತು ತಪ್ಪಾಯಿತು ಎಂದರೆ ಮದುವೆಗೆ ಅಡ್ಡಿಯಿಲ್ಲ ಅಂದರು. ಎಲ್ಲರೂ ತಂಗಿಯನ್ನು ನೋಡಿದರು. ಅವಳು ಕೂತಲ್ಲಿಂದ ಏಳಲಿಲ್ಲ.

"ಹೇಳಬೇಕಾದ ದೇವರ ಮುಂದ ಆಗ್ಲೇ ಹೇಳೇನ್ರಿ. ಗಂಡನ ಜೀವಾ ಬೇಡಿದ್ದಕ್ಕ ಊರ ಮುಂದ ತಪ್ಪಾತು ಅನ್ನಂಗಿಲ್ಲ" ಅಂದಳು.

ಕಂಪೌಂಡರು ತನ್ನ ತಾಯಿಯ ಮುಖ ನೋಡಿದ. ತಾಯಿ ಎದ್ದಳು, ಅವನೂ ಎದ್ದ. ಒಳ್ಳೆಯವನೇ ಆತ, ಮದ್ದು ಚೆನ್ನಾಗಿ ಬೆರೆಸುತ್ತಿದ್ದನಂತೆ. ಅದೇ ವರ್ಷ ಬೇರೆ ಕಡೆ ಮದುವೆಯಾದ. ತಂಗಿಗೆ ಮತ್ತೆ ಸಂಬಂಧ ಬರಲಿಲ್ಲ. ಬಂದರೂ ಅವಳು ಕನ್ನಡಿ ಹುಡುಕುತ್ತಿರಲಿಲ್ಲ.

ಮರುದಿನ ನಾನು ಅಕ್ಕೋರ ಮನೆಗೆ ಜಗಳಕ್ಕೇ ಹೋದೆ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಹೊಳಿ ದಾಟಂಗಿಲ್ಲ ಅಂದಿದ್ರೆಲ್ಲ ಎಂದು ಕೇಳಿದೆ.

"ಅಂದಿದ್ದೆ. ನಿಮ್ಮ ಮುಂದ ಅಂದಿದ್ದೆ. ಚರ್ಚಿನ್ಯಾಗ ಕೇಳಿದ್ದು ದೇವರ ಹೆಸರಲೆ. ಸಂಬಂಧ ತಂದಾಕಿ ನಾ. ಗೊತ್ತಿದ್ದೂ ಸುಮ್ಮ ಕುಂತ್ರ ಸುಳ್ಳ ಆಡಿದಂಗ. ಯಾವುದು ದೊಡ್ಡದು, ನೀನ ಹೇಳು."

ವಾದದಲ್ಲಿ ಅವರನ್ನು ಗೆದ್ದವರು ನಮ್ಮ ಸಭೆಯಲ್ಲಿ ಯಾರೂ ಇರಲಿಲ್ಲ. ಅವರು ಮತ್ತೆ ಮೊರದತ್ತ ತಿರುಗಿ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ದಾರಿಯುದ್ದಕ್ಕೂ ಅಳುತ್ತ ಬಂದೆ. ಉತ್ತರ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ದೊಡ್ಡವಳು ನನ್ನ ತಂಗಿ. ಅವರ ಸತ್ಯಕ್ಕಿಂತ, ಅವರ ಸ್ವಚ್ಛ ಮನಸ್ಸಾಕ್ಷಿಗಿಂತ ದೊಡ್ಡವಳು. ಅವರು ಉಳಿಸಿಕೊಂಡದ್ದು ತಮ್ಮೊಬ್ಬರ ಆತ್ಮವನ್ನು, ಅದೂ ನನ್ನ ತಂಗಿಯ ಬದುಕು ಕೊಟ್ಟು.

ಆಮೇಲೂ ಅವರು ನಮ್ಮ ಓಣಿಗೆ ಬರುತ್ತಿದ್ದರು. ನಾನು ಒಳಗೆ ಹೋಗಿಬಿಡುತ್ತಿದ್ದೆ. ತಂಗಿ ಮಗ್ಗ ನಿಲ್ಲಿಸಿ ನೀರು ಕೊಡುತ್ತಿದ್ದಳು. ಅದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಒಂದು ಸಲವಾದರೂ ಅವರ ಬಾಯಿಂದ ತಪ್ಪಾಯಿತು ಎಂಬ ಮಾತು ಬಂದೀತೆಂದು ಬಾಗಿಲ ಹಿಂದೆ ನಿಂತು ಕಾದೆ. ಬರಲಿಲ್ಲ. ಹವೆ, ನೂಲು, ಮೊಣಕಾಲು ನೋವು, ಇಷ್ಟೇ ಮಾತಾಡಿ ಕೊಡೆ ಬಿಚ್ಚಿಕೊಂಡು ಹೋಗುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆ, ಹಳ್ಳಿಯಿಂದ ನಡೆದು ಬಂದ ಅಕ್ಕೋರು ಪಡಸಾಲೆಯಲ್ಲಿ ಮಲಗಿದರು, ಮತ್ತೆ ಏಳಲಿಲ್ಲ. ಚರ್ಚು ತುಂಬಿತ್ತು. ಮಣ್ಣಿಗೆ ಒಯ್ಯುವ ಮೊದಲು ಪಾದ್ರಿಗಳು, ಇವರಿಂದ ಉಪಕಾರ ಹೊಂದಿದವರು ನಾಲ್ಕು ಮಾತು ಹೇಳಬಹುದು ಅಂದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಕಣ್ಣೊರೆಸಿಕೊಳ್ಳುತ್ತ ಹೊಗಳಿದರು. ನಾನೂ ಎದ್ದೆ. ಅವರೇ ಕಲಿಸಿದ ಭಾಷೆಯಲ್ಲಿ, ಅವರು ನಿಂತಿದ್ದ ಜಾಗದಲ್ಲೇ, ಅವರು ಮಾಡಿದ್ದನ್ನು ಒಂದೂ ಬಿಡದೆ ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದೆ. ಪಾದ್ರಿಗಳು ನನ್ನತ್ತ ತಲೆಯಾಡಿಸಿದರು.

ಪಕ್ಕದಲ್ಲಿ ಕೂತಿದ್ದ ತಂಗಿ ನನ್ನ ಕೈ ಹಿಡಿದು ಕೆಳಗೆ ಎಳೆದಳು.

"ಕುಂಡ್ರಬೇ ಯಕ್ಕಾ. ಇಲ್ಲಿ ಎದ್ದು ನಿಂತು ಹೇಳಿದಾಕಿ ಆಕಿ ಒಬ್ಬಾಕಿ ಸಾಕು" ಅಂದಳು.

ಕೂತೆ. ಅಕ್ಕೋರ ಸಲುವಾಗಿ ಅಲ್ಲ, ಅವಳ ಸಲುವಾಗಿ ಕೂತೆ. ಈಗ ಇದನ್ನು ಬರೆದೂ ಬಿಟ್ಟಿದ್ದೇನೆ. ತಂಗಿ ಓದಿದರೆ ಬಯ್ಯುತ್ತಾಳೆ. ಬಯ್ಯಲಿ.