ನಾಲ್ಕು ಗಂಟೆಯ ಪಂದ್ಯ

ನಮ್ಮ ಮನೆಯಲ್ಲಿ ಚಹಾದ ಪಾತ್ರೆಯೊಂದಿದೆ. ತಳ ಕಪ್ಪಾಗಿದೆ, ಹಿಡಿಕೆ ಸಡಿಲಾಗಿದೆ. ಆದರೂ ಯಾರು ಎಲ್ಲಿಗೇ ಹೊರಡಲಿ, ಅದರ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಧಾರವಾಡ ಕಡೆಯ ನಮ್ಮಂಥವರಲ್ಲಿ ಚಪ್ಪಲಿ ಮೆಟ್ಟಿದ ಮೇಲೂ “ಅರ್ಧರ್ಧ ಕಪ್ ಚಾ ಕುಡದ ಹೋಗೂಣು” ಎನ್ನುವವರೊಬ್ಬರು ಇದ್ದೇ ಇರುತ್ತಾರೆ. ರೈಲ್ವೆ ನೌಕರಿ ನನ್ನನ್ನು ಹುಬ್ಬಳ್ಳಿಯಿಂದ ಎತ್ತಿ ನಾಗಪುರಕ್ಕೆ ಹಾಕಿತು. ಈ ಪದ್ಧತಿಯೂ ನನ್ನ ಸಾಮಾನಿನ ಜೊತೆಗೇ ಬಂತು.

ಇಂಥ ಮನೆಯವರು ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೊರಡುವ ಯೋಜನೆ ಹಾಕಿದರೆ ಏನಾದೀತು, ನೀವೇ ಊಹಿಸಿ. ಮಗಳು ಮೇಘಾ ಕಾಲೇಜು ತಂಡದಲ್ಲಿದ್ದಾಳೆಂದು ನಾನು ಬಂಧುಬಳಗಕ್ಕೆಲ್ಲ ಡಂಗುರ ಸಾರಿದ್ದೆ. ತಂಡದಲ್ಲಿದ್ದಳು, ನಿಜ, ಆದರೆ ಮೈದಾನದ ಅಂಚಿನ ಬೆಂಚಿನ ಮೇಲೆ. ಸೇರಿದಂದಿನಿಂದ ಬೇರೆಯವರ ನೀರಿನ ಬಾಟಲಿ ಕಾಯ್ದವಳಿಗೆ ಕೊನೆಯ ವರ್ಷದ ಕೊನೆಯ ಪಂದ್ಯದಲ್ಲಿ ಮೊದಲಿನಿಂದಲೇ ಆಡುವ ಅವಕಾಶ ಸಿಕ್ಕಿತ್ತು. ಎದುರಾಳಿಗಳು ನಾಗಪುರದ ಪಕ್ಕದ ಕನ್ಹಾನ್ ಊರಿನ ಕಡೆಯವರು. ಅಲ್ಲಿಯ ಮಕ್ಕಳು ನಡೆಯುವುದಕ್ಕಿಂತ ಮೊದಲು ಒದೆಯುವುದನ್ನು ಕಲಿಯುತ್ತಾರೆಂದು ಇಲ್ಲಿ ತಮಾಷೆ ಮಾಡುತ್ತಾರೆ. “ಅಪ್ಪಾ, ಈ ಸಲ ನೋಡಾಕ ಬರಲೇಬೇಕ್ರಿ. ಮತ್ತ ಜಲ್ದಿ ಬರ್ರಿ,” ಎಂದಳು ಮೇಘಾ. ಅದು ಬೇಕು, ಇದು ಬೇಕು ಎಂದು ಹಟ ಹಿಡಿಯುವ ಹುಡುಗಿಯಲ್ಲ ಅವಳು.

ನಾನು ಯೋಜನೆಗೆ ಕುಳಿತೆ. ಹುಬ್ಬಳ್ಳಿಯಿಂದ ಅಕ್ಕನನ್ನು ಕರೆಸಿದೆ. ಶನಿವಾರ ಇತವಾರಿ ಪೇಟೆಯಲ್ಲಿ ಅವಳಿಗೆ ಸೀರೆ, ಸಂಜೆ ಕಿತ್ತಳೆ ಬರ್ಫಿ, ರವಿವಾರ ಬೆಳಿಗ್ಗೆ ಖಾರದ ರಸ ಸುರಿದ ಇಲ್ಲಿಯ ಅವಲಕ್ಕಿ ಪೋಹೆ, ಮಧ್ಯಾಹ್ನ ಹೋಳಿಗೆ ಊಟ, ಸಣ್ಣದೊಂದು ನಿದ್ದೆ, ನಾಲ್ಕಕ್ಕೆ ಪಂದ್ಯ. “ಇದೇನ್ರಿ, ಮ್ಯಾಚೋ ಮದುವಿನೋ?” ಎಂದಳು ಹೆಂಡತಿ. ಮದುವೆಯೆಂದೇ ಇಟ್ಟುಕೊಳ್ಳಿ, ಮುಹೂರ್ತವೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ನನಗೆ ಕಾಳಜಿಯಿತ್ತು.

ಮುಹೂರ್ತದ ಚಿಂತೆ ಇರಲಿಲ್ಲ, ಏಕೆಂದರೆ ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆಯಲ್ಲವೆಂಬುದು ನಮ್ಮೆಲ್ಲರ ಅನುಭವಸಿದ್ಧ ಶಾಸ್ತ್ರ. ಪಂದ್ಯ ನಡೆಯುವ ಮೇಘಾಳ ಕಾಲೇಜು ಕಲ್ಲಿನ ಕಮಾನುಗಳ ಹಳೆಯ ಕಾಲೇಜು, ಸಮಾರಂಭಪ್ರಿಯ ಕಾಲೇಜು. ಮುಖ್ಯ ಅತಿಥಿ ತಡವಾಗಿ ಬರಬೇಕು, ಬಂದವರಿಗೆ ಶಾಲು ಹೊದಿಸಬೇಕು, ಅವರನ್ನು ಪರಿಚಯಿಸಬೇಕು, ಪರಿಚಯಿಸಿದವರಿಗೊಂದು ಹಾರ ಹಾಕಬೇಕು, ಕ್ರೀಡೆಯ ಮಹತ್ವದ ಬಗ್ಗೆ ಭಾಷಣವಾಗಬೇಕು. ಚೆಂಡು ಉರುಳುವಷ್ಟರಲ್ಲಿ ಐದು. ರೈಲುಗಳ ನಡುವೆ ಆಯುಷ್ಯ ಕಳೆದ ನಾನು ವಿಳಂಬವನ್ನು ನಂಬಿದಷ್ಟು ದೇವರನ್ನೂ ನಂಬಿದವನಲ್ಲ. ಯೋಚಿಸಿ ನೋಡಿ, ನಮ್ಮ ಬದುಕಿನ ಎಷ್ಟು ಸಣ್ಣಪುಟ್ಟ ಸುಖಗಳು, ಮಧ್ಯಾಹ್ನದ ನಿದ್ದೆಯಿಂದ ಹಿಡಿದು ಬಾಗಿಲ ಬಳಿಯ ಹರಟೆಯವರೆಗೆ, ಇನ್ನೊಬ್ಬರು ತಡಮಾಡಿಯೇ ಮಾಡುತ್ತಾರೆಂಬ ಭರವಸೆಯ ಮೇಲೆ ನಿಂತಿವೆ!

ರವಿವಾರ ಮೇಘಾ ಮುಂಚೆಯೇ ಹೋಗಿದ್ದಳು. ನಾವು ಮೂವರು ಚಪ್ಪಲಿ ಮೆಟ್ಟಿ ನಿಂತಾಗ ಅಕ್ಕ, “ತಮ್ಮಾ, ಅರ್ಧರ್ಧ ಕಪ್ ಆಗಲಿ,” ಎಂದಳು. “ಆಗಲಿ ಬಿಡಕ್ಕಾ. ಐದರ ಒಳಗ ಏನೂ ಶುರು ಆಗೂದಿಲ್ಲ,” ಎಂದೆ. ಅರ್ಧ ಕಪ್ಪಿನ ಹಿಂದೆ ಚುರುಮುರಿ ಬಂತು, ಚುರುಮುರಿಯ ಹಿಂದೆ ಹುಬ್ಬಳ್ಳಿಯ ಸುದ್ದಿ ಬಂತು.

ಮೈದಾನದ ಗೇಟಿನಲ್ಲಿ ಆಟೋ ಇಳಿದಾಗ ಜನರ ಕೇಕೆ ಕೇಳಿಸಿತು. ಭಾಷಣಕ್ಕೆ ಯಾರೂ ಹಾಗೆ ಕೇಕೆ ಹಾಕುವುದಿಲ್ಲ. ಆ ದಿನದ ಮುಖ್ಯ ಅತಿಥಿ, ಪುಣ್ಯಾತ್ಮರು, ಸಮಯಕ್ಕೆ ಮೊದಲೇ ಬಂದು, ಮಾತು ಬೇಡ, ಆಟ ನಡೆಯಲಿ ಎಂದು ಕುಳಿತುಬಿಟ್ಟಿದ್ದರಂತೆ. ಇಂಥವರನ್ನು ಕರೆಸುವಾಗ ಊರಿಗೆ ಮುನ್ಸೂಚನೆ ಕೊಡಬೇಕು. ಮೊದಲರ್ಧ ಮುಗಿದಿತ್ತು. ಎರಡನೆಯ ಅರ್ಧಕ್ಕೆ ಕೋಚ್ ಇನ್ನೊಬ್ಬ ಹುಡುಗಿಯನ್ನು ಇಳಿಸಿದ್ದರು. ಮೇಘಾ ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಅದೇ ಬೆಂಚಿನ ಮೇಲಿದ್ದಳು.

“ಅಪ್ಪಾ, ನಾ ಹೊಡದದ್ದು ಗೋಲ್ ಕಂಬಕ್ಕ ಬರೋಬರ್ ಬಡೀತು. ನೋಡಿದ್ರಿಲ್ಲ?”

ಹೌದೆಂದುಬಿಡುವ ಆಸೆಯಾಯಿತು. “ಇಲ್ಲವ್ವಾ. ಈಗ ಬಂದ್ವಿ,” ಎಂದೆ. ಅವಳು ಬೂಟಿನ ಲಾಡಿ ಬಿಚ್ಚತೊಡಗಿದಳು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಪಂದ್ಯ ಸೋತೆವು. ಜನ ಚದುರಿದ ಮೇಲೆ ಅಕ್ಕ ಸೆರಗು ಸಿಕ್ಕಿಸಿ ಎದ್ದಳು. “ನಾ ಹುಬ್ಬಳ್ಳಿಯಿಂದ ಬೆಂಚ್ ನೋಡಾಕ ಬಂದಿಲ್ಲ. ಮೇಘಾ, ಬೂಟ್ ಕಟ್ಟು, ಚೆಂಡ ತಗೊಂಡ ಬಾ. ತಮ್ಮಾ, ನೀ ಹೋಗಿ ಆ ಎರಡೂ ಕಂಬದ ನಡುವ ನಿಂದ್ರು.”

ನಿಂತೆ. ಹೊಟ್ಟೆಯಲ್ಲಿ ಹೋಳಿಗೆ ಭಾರವಾಗಿತ್ತು, ಕಂಬಗಳ ನಡುವಿನ ಜಾಗ ವಿಪರೀತ ಅಗಲವಾಗಿತ್ತು. ಮಗಳು ಕೂದಲು ಬಿಗಿದು ಕಟ್ಟಿ, ಹಿಂದೆ ಸರಿದು, ನನ್ನನ್ನು ದಿಟ್ಟಿಸಿದಳು. ಆ ನೋಟದಲ್ಲಿ ದಯೆಯೆಂಬುದು ಹೆಸರಿಗೂ ಇರಲಿಲ್ಲ. ಓಡಿ ಬಂದಳು. ಎಡಗಾಲನ್ನು ಅಷ್ಟು ಗಟ್ಟಿಯಾಗಿ ಊರಿ, ಮೈಯನ್ನು ಅಷ್ಟು ಚಂದ ಬಾಗಿಸಿ ಒದೆಯಬಲ್ಲವಳು ನಮ್ಮ ಮನೆಯಲ್ಲಿಯೇ ಇದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಚೆಂಡು ನನ್ನ ಕಿವಿಯ ಪಕ್ಕದಿಂದ ಹಾದು ಬಲೆ ಸೇರಿತು. ನಾನು ಹಾರಿದ್ದು ಅದಾದ ಮೇಲೆ. ಮಣ್ಣಿನಲ್ಲಿ ಬಿದ್ದುಕೊಂಡೇ ನೋಡಿದೆ: ಅಕ್ಕ ಕುಣಿಯುತ್ತಿದ್ದಳು, ಹೆಂಡತಿ ಕೂಗುತ್ತಿದ್ದಳು, ಮೇಘಾ ಎರಡೂ ಕೈ ಮೇಲೆತ್ತಿ ಖಾಲಿ ಮೈದಾನದ ತುಂಬ ಓಡುತ್ತಿದ್ದಳು.

“ಇನ್ನೊಂದು ಹೊಡಿಯವ್ವಾ,” ಎಂದೆ ಏಳುತ್ತ, “ನಾ ನೋಡಾಕತ್ತೇನಿ.”